ಮೊದಲ ಕ್ಷೌರದ ಕತ್ತಿ

ಮುಖಕ್ಷೌರವನ್ನು ಸ್ವಹಸ್ತದಿಂದ ಮಾಡಿಕೊಳ್ಳುವ ಪದ್ಧತಿ ನಮ್ಮ ನಗರಗಳಲ್ಲಿ ಈಗ ಸರ್ವಸಾಮಾನ್ಯವಾಗಿದೆ. ಆದರೆ ಅದನ್ನು ಮಡಿಚುವ ಉದ್ದ ಕತ್ತಿಯಿಂದ ಮಾಡಿಕೊಳ್ಳುವವರು ವಿರಳ. 1903ರಲ್ಲಿ ಅಮೆರಿಕದ ಜಿಲೆಟ್ ಎಂಬವರು ಬಳಸಿ ಬಿಸುಡುವ ತೆಳು ಬ್ಲೇಡಿನ ರೇಜರನ್ನು ಮಾರಾಟಕ್ಕೆ ತಂದ ಮೇಲೆ ಹಳೆಯ ಕತ್ತಿಯು ಮನೆಗಳಿಂದ ಮೆಲ್ಲನೆ ಮರೆಯಾಯಿತು. ಸೋಂಕುರೋಗಗಳ ಭೀತಿಯಿಂದ ಕ್ಷೌರದ ಅಂಗಡಿಗಳಲ್ಲಿಯೂ ಗಿರಾಕಿಗೊಂದು ಬ್ಲೇಡನ್ನು ಬದಲಿಸುವ ಹಿಡಿಗಳು ಬಂದುವು. ಹೀಗಿದ್ದರೂ, ಒಮ್ಮೆ ಕೊಂಡದ್ದು ಬಾಳಿನುದ್ದಕ್ಕೂ ಉಳಿಯಬೇಕೆಂಬ ಆಸೆಯಿಂದ ಹಳೆಯ ಕತ್ತಿಯ ಕಡೆಗೆ ತಿರುಗುವವರು ಅಲ್ಲಲ್ಲಿ ಇದ್ದಾರೆ. ಅಂಥವರಲ್ಲಿ ಅನೇಕರು ಕೆಲವೇ ವಾರಗಳಲ್ಲಿ ಕೆನ್ನೆ ಉರಿದು ಬೇಸತ್ತು, ತಮ್ಮ ಕೈಗೆ ಇದು ಒಗ್ಗದೆಂದು ಕತ್ತಿಯನ್ನು ಪೆಟ್ಟಿಗೆಗೆ ಸೇರಿಸುತ್ತಾರೆ. ಹಲವು ವೇಳೆ ದೋಷವು ಕೈಯದಲ್ಲ, ಆಯ್ಕೆಯದು. ಆದಕಾರಣ ಮೊದಲ ಕತ್ತಿಯನ್ನು ಹೇಗೆ ಆರಿಸತಕ್ಕದ್ದೆಂಬುದನ್ನು ಸ್ವಲ್ಪ ವಿಚಾರಿಸೋಣ.

ಕೊಳ್ಳುವವನ ಕಣ್ಣು ಮೊದಲು ಹೋಗುವುದು ಹಿಡಿಯ ಅಂದದ ಮೇಲೆ, ಅಲಗಿನ ಮೇಲಣ ಚಿನ್ನದ ಬಣ್ಣದ ಚಿತ್ತಾರದ ಮೇಲೆ. ನೋಡತಕ್ಕದ್ದು ಅದನ್ನಲ್ಲ, ಅಲಗಿನ ಬೆನ್ನನ್ನು. ಅಡಿಗೆಯ ಚಾಕುವನ್ನು ಮಸೆಯುವಾಗ ಕಲ್ಲಿಗೆ ಎಷ್ಟು ಓರೆಯಾಗಿ ಹಿಡಿಯಬೇಕೆಂಬುದನ್ನು ನಮ್ಮ ಕೈಯೇ ನಿರ್ಧರಿಸುತ್ತದೆ. ಕ್ಷೌರದ ಕತ್ತಿಯಲ್ಲಿ ಹಾಗಲ್ಲ. ಅದನ್ನು ಸಾಣೆಯ ಕಲ್ಲಿನ ಮೇಲೆ ಮಲಗಿಸಿದರೆ ಬೆನ್ನೂ ಬಾಯಿಯೂ ಏಕಕಾಲದಲ್ಲಿ ಕಲ್ಲನ್ನು ಮುಟ್ಟುತ್ತವೆ. ಬೆನ್ನಿನ ದಪ್ಪವೇ ಬಾಯಿಯ ಕೋನವನ್ನು ಗೊತ್ತುಮಾಡುತ್ತದೆ. 16 ಮಿಲಿಮೀಟರ್ ಅಗಲದ ಅಲಗಿಗೆ ಬೆನ್ನು ಸುಮಾರು 4.5 ಮಿಲಿಮೀಟರ್ ದಪ್ಪವಿದ್ದರೆ ಬಾಯಿಯ ಕೋನವು ಸುಮಾರು 16 ಡಿಗ್ರಿ ಆಗುತ್ತದೆ. ಹಳೆಯ ಕತ್ತಿಯ ಬೆನ್ನು ಸವೆದು ತೀರ ತೆಳುವಾಗಿದ್ದರೆ ಕೋನವು ಕಿರಿದಾಗಿ ಬಾಯಿ ನಿಲ್ಲದೆ ಮುಕ್ಕಾಗುತ್ತದೆ. ಬೆನ್ನು ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಸವೆದಿದ್ದರೆ ಬಾಯಿಯೂ ಡೊಂಕಾಗುತ್ತದೆ. ಬೆನ್ನು ಸರಿಯಿಲ್ಲದ ಕತ್ತಿಯನ್ನು ಸರಿಮಾಡುವುದು ನುರಿತವರಿಗೂ ಕಷ್ಟ. ಹೊಸಬರಿಗಂತೂ ಅಸಾಧ್ಯವೆಂದೇ ಹೇಳಬೇಕು.

ಇನ್ನು ಅಗಲ. ಇದನ್ನು ಅಂಗುಲದ ಎಂಟು ಭಾಗಗಳ ಲೆಕ್ಕದಲ್ಲಿ ಹೇಳುವುದು ರೂಢಿ. ನಾಲ್ಕು ಭಾಗದ ಅಲಗು ಹಗುರ, ಆದರೆ ಸಾಬೂನಿನ ನೊರೆ ಬೇಗ ತುಂಬಿಕೊಳ್ಳುತ್ತದೆ. ಏಳು ಭಾಗದ್ದು ಮೂಗಿನ ಕೆಳಗೆ ತಿರುಗಲು ಸ್ಥಳ ಸಾಲದು. ಆದ್ದರಿಂದ ಮೊದಲಿಗೆ 5 ಅಥವಾ 6 ಭಾಗದ, ಎಂದರೆ 16ರಿಂದ 19 ಮಿಲಿಮೀಟರಿನ ಅಲಗೇ ಯುಕ್ತವಾದುದು. ಅಲಗಿನ ಪಕ್ಕಗಳನ್ನು ಅರೆದ ರೀತಿಯಲ್ಲಿಯೂ ಭೇದವುಂಟು. ಬೆಣೆಯಂತೆ ತುಂಬಿಕೊಂಡಿರುವ ಅಲಗು ಭಾರವಾದುದು, ಮಸೆಯಲು ಹೆಚ್ಚು ಶ್ರಮ ಬೇಡುವುದು. ಪೂರ್ತಿ ಗುಳಿ ತೆಗೆದ ಅಲಗು ತೆಳುವಾಗಿ, ಕೂದಲು ಕತ್ತರಿಸುವಾಗ ಸಣ್ಣಗೆ ಸದ್ದುಮಾಡುತ್ತದೆ. ಬಳಸುವವನಿಗೆ ಆ ಸದ್ದೇ ಒಂದು ಸೂಚನೆ, ಆದರೆ ಒತ್ತಿದರೆ ಅಲಗು ಬಾಗುತ್ತದೆ. ಅರ್ಧ ಗುಳಿಯ ಅಲಗು ಇವೆರಡರ ನಡುವಿನದು. ಅಳುಕುವ ಕೈಗೆ ಅದು ಒಳ್ಳೆಯ ಜತೆ. ಮೊನೆ ಮಾತ್ರ ದುಂಡಗಿರಲಿ. ಚೌಕನೆಯ ಚೂಪು ಮೊನೆಯು ನುರಿತವನಿಗೆ ಮೀಸೆಯನ್ನು ತಿದ್ದಲು ಅನುಕೂಲ. ಹೊಸಬನಿಗೆ ಕಿವಿಯ ಹಾಲೆಗೇ ಅಪಾಯ.

ಉಕ್ಕಿನ ವಿಷಯದಲ್ಲಿ ಎರಡು ಬಗೆ. ಇಂಗಾಲದ ಉಕ್ಕನ್ನು ಮಸೆಯುವುದು ಸುಲಭ, ಆದರೆ ತೇವಕ್ಕೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿಯದ ಉಕ್ಕು ಮಸೆಯುವವನ ತಾಳ್ಮೆಯನ್ನು ಪರೀಕ್ಷಿಸುತ್ತದೆ, ಆದರೆ ಕರಾವಳಿಯಂಥ ತೇವದ ಸೀಮೆಯಲ್ಲಿ ಅದಕ್ಕೆ ಬೆಲೆಯುಂಟು. ಊರಿನ ಹೆಸರುಗಳಲ್ಲಿ ಇಂಗ್ಲೆಂಡಿನ ಷೆಫೀಲ್ಡ್ ಮತ್ತು ಜರ್ಮನಿಯ ಸೋಲಿಂಗೆನ್ ಪ್ರಸಿದ್ಧವಾದುವು; ಎರಡನೆಯ ಹೆಸರಿಗೆ 1938ರಲ್ಲಿಯೇ ಕಾನೂನಿನ ರಕ್ಷಣೆ ದೊರೆಯಿತು. ನಮ್ಮ 'ಉಕ್ಕು' ಎಂಬ ಶಬ್ದವೇ ಇಂಗ್ಲಿಷಿನಲ್ಲಿ 'ವೂಟ್ಸ್' ಆಯಿತೆಂದು ಅನೇಕ ವಿದ್ವಾಂಸರ ಮತ. ವಿಜ್ಞಾನಿ ಮೈಕೇಲ್ ಫ್ಯಾರಡೆಯವರು ಲಂಡನ್ನಿನಲ್ಲಿ ಕತ್ತಿಗಳನ್ನು ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟರೊಡನೆ 1820ರ ಸುಮಾರಿಗೆ ಆ ಉಕ್ಕನ್ನು ಪರೀಕ್ಷಿಸಿದ್ದುಂಟು. ಇಷ್ಟೆಲ್ಲ ಹಿರಿಮೆಯಿದ್ದರೂ ಹೆಸರೊಂದರಿಂದಲೇ ಗಲ್ಲ ನುಣುಪಾಗದು. ಅಲಗಿನ ಮೇಲೆ ಯಾವ ಊರಿನ ಹೆಸರಿದ್ದರೂ ಬೆನ್ನನ್ನು ನೋಡಿಯೇ ನಂಬತಕ್ಕದ್ದು.

ಅಜ್ಜನ ಕಾಲದ ಕತ್ತಿಯೊಂದು ಮನೆಯಲ್ಲಿಯೇ ದೊರೆತರೆ ಅದನ್ನು ಹೀಗೆ ಪರೀಕ್ಷಿಸಬಹುದು. ಸಮತಟ್ಟಾದ ಗಾಜಿನ ಮೇಲೆ ಮೆಲ್ಲನೆ ಮಲಗಿಸಿದಾಗ ಅಲಗು ತೊನೆಯಬಾರದು. ಮಡಿಚಿದಾಗ ಅದು ಹಿಡಿಯ ನಟ್ಟನಡುವೆ ಇಳಿಯಬೇಕು. ಬಾಲದ ಕಡೆ ಸ್ವಲ್ಪ ತುಕ್ಕಿದ್ದರೆ ಚಿಂತೆಯಿಲ್ಲ. ಬಾಯಿಯ ಅಂಚಿನಲ್ಲಿ ತುಕ್ಕಿನ ಗುಳಿಯಾಗಲಿ ಸೀಳಾಗಲಿ ಕಂಡರೆ ಅದನ್ನು ಸ್ಮರಣಿಕೆಯಾಗಿ ಇಟ್ಟುಕೊಳ್ಳುವುದೇ ಲೇಸು. ಸೆಲ್ಯುಲಾಯಿಡ್ ಹಿಡಿಯು ಶಿಥಿಲವಾದರೆ ಅದರಿಂದ ಹೊರಡುವ ಆಮ್ಲದ ಆವಿಯು ಉಕ್ಕನ್ನು ತಿನ್ನುತ್ತದೆ. ಅಂಥ ಹಿಡಿಯನ್ನು ಬದಲಿಸಬೇಕು. ಇನ್ನೊಬ್ಬರು ಬಳಸಿದ ಕತ್ತಿಯನ್ನು ಚೆನ್ನಾಗಿ ಶುದ್ಧಿಮಾಡದೆ ಮುಖಕ್ಕೆ ತಾಗಿಸಕೂಡದು. ಒಂದೇ ಕತ್ತಿಯನ್ನು ಇಬ್ಬರು ಬಳಸುವುದರಿಂದ ಯಕೃತ್ತಿನ ಉರಿಯೂತವನ್ನುಂಟುಮಾಡುವ ಹೆಪಟೈಟಿಸ್ ಸೋಂಕು ರಕ್ತದ ಮೂಲಕ ಹರಡಬಹುದು. ಅಣ್ಣತಮ್ಮಂದಿರಾದರೂ ಒಂದು ಮುಖಕ್ಕೆ ಒಂದೇ ಕತ್ತಿ.

ಕೊನೆಯದಾಗಿ ಹಣದ ಮಾತು. ಕೈಯಲ್ಲಿರುವುದನ್ನೆಲ್ಲ ಕತ್ತಿಗೇ ಸುರಿಯಬಾರದು. ಹೊಸ ಕತ್ತಿಗಳೆಲ್ಲ ಕ್ಷೌರಕ್ಕೆ ಸಿದ್ಧವಾಗಿಯೇ ಬರುತ್ತವೆಂದು ಭಾವಿಸುವುದು ತಪ್ಪು. ಬಲ್ಲವರಿಂದ ಮೊದಲು ಸಾಣೆ ಹಿಡಿಸಿ ತರುವುದಕ್ಕೂ, ದಿನವೂ ಮಸೆಯುವ ತೊಗಲಿನ ಪಟ್ಟಿಗೂ ಹಣ ಮಿಗಿಸಿಕೊಳ್ಳಬೇಕು. ಸಾಣೆಯ ಕಲ್ಲು ಬೇಕಾಗುವುದು ಅಪರೂಪಕ್ಕೆ. ತೊಗಲು ಬೇಕಾಗುವುದು ಪ್ರತಿ ಕ್ಷೌರಕ್ಕೂ. ತೊಗಲಿನ ಮೇಲೆ ಬೆನ್ನು ಮುಂದಾಗಿ ಬಾಯಿ ಹಿಂದಾಗಿ ಎಳೆಯಬೇಕು. ಕೊನೆಯಲ್ಲಿ ಬೆನ್ನಿನ ಮೇಲೆಯೇ ಹೊರಳಿಸಬೇಕು. ಬಾಯಿಯ ಮೇಲೆ ಹೊರಳಿಸಿದರೆ ತೊಗಲೂ ಹೋಯಿತು, ಹರಿತವೂ ಹೋಯಿತು. ಮುಖದ ಮೇಲೆ ಸುಮಾರು 30 ಡಿಗ್ರಿ ಓರೆಯಲ್ಲಿ ಹಿಡಿದು, ಮೊದಲ ಕೆಲವು ದಿನ ಕೆನ್ನೆಗಳನ್ನು ಮಾತ್ರ ಕ್ಷೌರ ಮಾಡಿ, ಗದ್ದ ಕುತ್ತಿಗೆಗಳನ್ನು ರೂಢಿಯ ರೇಜರಿಗೆ ಬಿಡುವುದು ವಿವೇಕ.

ಬೆನ್ನು ನೆಟ್ಟಗಿರುವ, ಮೊನೆ ದುಂಡಾದ, ಸಾದಾ ಹಿಡಿಯ ಕತ್ತಿಯೊಂದಿದ್ದರೆ ಹೊಸಬನಿಗೆ ಅಷ್ಟು ಸಾಕು. ಚಿತ್ತಾರದ ಕತ್ತಿಯನ್ನು ಕೈ ಪಳಗಿದ ಮೇಲೆ ಕೊಂಡರಾಯಿತು.