ಸಂವಹನದ ಸ್ನಾತಕೋತ್ತರ ಅಧ್ಯಯನ: ವಿಶೇಷ ಶಾಖೆಗಳ ಸ್ವರೂಪ ಮತ್ತು ಸಮಸ್ಯೆ

ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಸಂವಹನವನ್ನು ಬೋಧಿಸುವ ಸ್ನಾತಕೋತ್ತರ ವಿಭಾಗಗಳ ಹೆಸರುಗಳನ್ನು ಗಮನಿಸಿದರೆ ಆ ವಿಷಯದ ಚರಿತ್ರೆ ಬಹುಮಟ್ಟಿಗೆ ಅಲ್ಲಿಯೇ ಗೋಚರಿಸುತ್ತದೆ. ಮೈಸೂರು, ಧಾರವಾಡ, ಮಂಗಳಗಂಗೋತ್ರಿ, ಶಂಕರಘಟ್ಟಗಳಲ್ಲಿ ‘ಪತ್ರಿಕೋದ್ಯಮ’, ‘ಸಮೂಹ ಸಂವಹನ’ ಎಂಬ ಎರಡು ಪದಗಳು ಹಿಂದುಮುಂದಾಗಿ ಜೊತೆಗೂಡಿವೆ. ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಬರಿಯ ‘ಸಂವಹನ’ವೇ ವಿಭಾಗದ ಹೆಸರಾಯಿತು. ಮೊದಲನೆಯ ಪದದಲ್ಲಿ ಉದ್ಯಮವಿದೆ. ಎರಡನೆಯದರಲ್ಲಿ ಶಾಸ್ತ್ರವಾಗಬೇಕೆಂಬ ಹಂಬಲವಿದೆ. ‘ಸಂವಹನ’ವೆಂಬ ಪದವೂ ಈ ಶಾಸ್ತ್ರದ ಸ್ವಂತ ಆಸ್ತಿಯಲ್ಲ. ಶಾಲೆಯ ವಿಜ್ಞಾನ ಪಠ್ಯದಲ್ಲಿ ನೀರು ಕಾಯುವಾಗ ಉಷ್ಣವು ಸಂಚರಿಸುವ ಕ್ರಮಕ್ಕೂ ಅದೇ ಹೆಸರು.

ಸ್ನಾತಕೋತ್ತರ ಹಂತದಲ್ಲಿ ವಿದ್ಯಾರ್ಥಿಯು ಒಂದು ವಿಶೇಷ ಶಾಖೆಯನ್ನು ಆರಿಸಿಕೊಳ್ಳಬೇಕೆಂಬುದು ಎಲ್ಲೆಡೆಯ ಪದ್ಧತಿ. ಆದರೆ ಶಾಖೆಗಳನ್ನು ವಿಂಗಡಿಸುವ ಕ್ರಮಗಳು ಎರಡು. ಮಾಧ್ಯಮವನ್ನು ಹಿಡಿದು ವಿಂಗಡಿಸುವುದು ಒಂದು: ಮುದ್ರಣ, ಆಕಾಶವಾಣಿ, ದೂರದರ್ಶನ, ಚಲನಚಿತ್ರ, ಜಾಹೀರಾತು, ಸಾರ್ವಜನಿಕ ಸಂಪರ್ಕ, ಈಚೆಗೆ ಡಿಜಿಟಲ್ ಮಾಧ್ಯಮ. ಪ್ರಶ್ನೆಯನ್ನು ಹಿಡಿದು ವಿಂಗಡಿಸುವುದು ಇನ್ನೊಂದು. ನಮ್ಮ ಪಠ್ಯಕ್ರಮಗಳು ಹೆಚ್ಚಾಗಿ ಮೊದಲನೆಯ ಕ್ರಮವನ್ನೇ ಅನುಸರಿಸಿವೆ. ಉದ್ಯೋಗದ ದೃಷ್ಟಿಯಿಂದ ಅದಕ್ಕೆ ಸಮರ್ಥನೆಯುಂಟು. ಸಂಶೋಧನೆಯ ದೃಷ್ಟಿಯಿಂದ ಅದರಿಂದಾದ ನಷ್ಟವೇನು ಎಂಬುದು ಪ್ರಸ್ತುತ ಲೇಖನದ ವಿಷಯ.

ಶಾಸ್ತ್ರದ ಹುಟ್ಟು

ಅಮೆರಿಕದ ಮಿಸೌರಿ ವಿಶ್ವವಿದ್ಯಾನಿಲಯದಲ್ಲಿ 1908ರಲ್ಲಿ ಪತ್ರಿಕೋದ್ಯಮ ಶಾಲೆ ಆರಂಭವಾಯಿತು. ಜೋಸೆಫ್ ಪುಲಿಟ್ಜರ್ ಬಿಟ್ಟುಹೋದ ದತ್ತಿಯಿಂದ 1912ರಲ್ಲಿ ಕೊಲಂಬಿಯಾದ ಶಾಲೆ ತೆರೆಯಿತು. ಇವು ವೃತ್ತಿಶಿಕ್ಷಣದ ಕೇಂದ್ರಗಳು. ಸಂವಹನದ ಶಾಸ್ತ್ರೀಯ ಅಧ್ಯಯನ ಮಾತ್ರ ಇವುಗಳ ಹೊರಗೆ, ಅನ್ಯ ಶಾಸ್ತ್ರಗಳ ವಿದ್ವಾಂಸರಿಂದ ಬೆಳೆಯಿತು. ಹೆರಾಲ್ಡ್ ಲಾಸ್‌ವೆಲ್ ರಾಜ್ಯಶಾಸ್ತ್ರದವರು, ಕರ್ಟ್ ಲೆವಿನ್ ಮತ್ತು ಕಾರ್ಲ್ ಹೋವ್ಲೆಂಡ್ ಮನಶ್ಶಾಸ್ತ್ರದವರು. ವಿಯೆನ್ನಾದಲ್ಲಿ ಗಣಿತ ಕಲಿತ ಪಾಲ್ ಲಾಜರ್ಸ್‌ಫೆಲ್ಡ್ ಕೊಲಂಬಿಯಾದಲ್ಲಿ ಸಮಾಜಶಾಸ್ತ್ರಜ್ಞರಾದವರು. ಇವರೆಲ್ಲರ ಸಂಶೋಧನೆಗಳನ್ನು ಒಂದೇ ಸೂರಿನಡಿ ತಂದ ವಿಲ್ಬರ್ ಶ್ರಾಮ್ ಇಂಗ್ಲಿಷ್ ಸಾಹಿತ್ಯದಲ್ಲಿ ಡಾಕ್ಟರೇಟ್ ಪಡೆದವರು. ಅವರು 1943ರಲ್ಲಿ ಅಯೋವಾದ ಪತ್ರಿಕೋದ್ಯಮ ಶಾಲೆಯ ನಿರ್ದೇಶಕರಾದರು. 1947ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಸಂವಹನ ಸಂಶೋಧನ ಸಂಸ್ಥೆಯನ್ನು ಕಟ್ಟಿದರು. ಸಮೂಹ ಸಂವಹನದ ಡಾಕ್ಟರೇಟ್ ಅಧ್ಯಯನ ಹೀಗೆ ಪತ್ರಿಕೋದ್ಯಮ ಶಾಲೆಗಳ ಮನೆಯೊಳಗೆ ಬಂದು ಸೇರಿತು. ವೃತ್ತಿ ಕಲಿಸುವವರೂ ಅಂಕಿಅಂಶಗಳ ಪಂಡಿತರೂ ಒಂದೇ ವಿಭಾಗದಲ್ಲಿ ಕುಳಿತ ಆ ವಿಲಕ್ಷಣ ದಾಂಪತ್ಯವೇ ನಮ್ಮ ವಿಭಾಗಗಳ ಜೋಡಿ ಹೆಸರುಗಳ ಮೂಲ.

ಇದಕ್ಕಿಂತ ಹಳೆಯದಾದ ಇನ್ನೊಂದು ಪರಂಪರೆಯೂ ಅಲ್ಲಿತ್ತು. ಸಾರ್ವಜನಿಕ ಭಾಷಣ ಕಲೆಯ ಅಧ್ಯಾಪಕರು 1914ರಲ್ಲಿ ಇಂಗ್ಲಿಷ್ ವಿಭಾಗಗಳಿಂದ ಸಿಡಿದು ತಮ್ಮದೇ ಸಂಘ ಕಟ್ಟಿಕೊಂಡರು. ವಾಗ್ಮಿತೆಯ ಶಾಸ್ತ್ರ, ಅಂತರ್ವೈಯಕ್ತಿಕ ಸಂವಹನ, ಗುಂಪು ಮತ್ತು ಸಂಸ್ಥೆಗಳೊಳಗಿನ ಸಂವಹನ ಮೊದಲಾದ ಶಾಖೆಗಳು ಬಹುಮಟ್ಟಿಗೆ ಈ ಕವಲಿನಲ್ಲಿ ಬೆಳೆದವು. ಭಾರತಕ್ಕೆ ಪತ್ರಿಕೋದ್ಯಮದ ಕವಲು ಬಂದಿತು. ಭಾಷಣದ ಕವಲು ಬರಲಿಲ್ಲ. ಈ ಸಂಗತಿಯ ಪರಿಣಾಮವನ್ನು ಮುಂದೆ ನೋಡಲಿದ್ದೇವೆ.

ಭಾರತದಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯ 1941ರಲ್ಲಿ ಪತ್ರಿಕೋದ್ಯಮ ಶಿಕ್ಷಣವನ್ನು ಆರಂಭಿಸಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರ ಪ್ರಯತ್ನದಿಂದ 1951ರಲ್ಲಿ ಪತ್ರಿಕೋದ್ಯಮವು ಪದವಿ ತರಗತಿಯ ವಿಷಯವಾಯಿತು. ಮೈಸೂರು ಮತ್ತು ಬೆಂಗಳೂರುಗಳಲ್ಲಿ ಸ್ನಾತಕೋತ್ತರ ಅಧ್ಯಯನ ನೆಲೆಗೊಂಡದ್ದು 1970ರ ದಶಕದಲ್ಲಿ. ದೆಹಲಿಯಲ್ಲಿ 1965ರಲ್ಲಿ ಸ್ಥಾಪಿತವಾದ ಭಾರತೀಯ ಸಮೂಹ ಸಂವಹನ ಸಂಸ್ಥೆ ಬಹುಕಾಲ ಡಿಪ್ಲೊಮಾಗಳನ್ನೇ ನೀಡುತ್ತಿದ್ದು, 2024ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯವಾಯಿತು.

ಐದು ಪ್ರಶ್ನೆಗಳು

ಲಾಸ್‌ವೆಲ್ 1948ರಲ್ಲಿ ಮಂಡಿಸಿದ ಸೂತ್ರ ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಇದೆ: ಹೇಳುವವರು ಯಾರು, ಏನನ್ನು ಹೇಳುತ್ತಾರೆ, ಯಾವ ಮಾರ್ಗದಲ್ಲಿ, ಯಾರಿಗೆ, ಆದ ಪರಿಣಾಮವೇನು. ನಮ್ಮ ವಿದ್ಯಾರ್ಥಿಗಳು ಇದನ್ನು ಸಂವಹನದ ಒಂದು ‘ಮಾದರಿ’ ಎಂದು ಕಂಠಪಾಠ ಮಾಡುತ್ತಾರೆ. ವಾಸ್ತವದಲ್ಲಿ ಇದು ಸಂಶೋಧನೆಯ ಶಾಖೆಗಳನ್ನು ವಿಂಗಡಿಸುವ ಯತ್ನ. ‘ಯಾರು’ ಎಂಬ ಪ್ರಶ್ನೆಯಿಂದ ನಿಯಂತ್ರಣದ ಅಧ್ಯಯನ, ‘ಏನು’ ಎಂಬುದರಿಂದ ವಸ್ತು ವಿಶ್ಲೇಷಣೆ, ಉಳಿದವುಗಳಿಂದ ಕ್ರಮವಾಗಿ ಮಾಧ್ಯಮ, ಶ್ರೋತೃವರ್ಗ ಮತ್ತು ಪರಿಣಾಮಗಳ ಅಧ್ಯಯನ. ಇಲ್ಲಿ ಐದರಲ್ಲಿ ಒಂದು ಪ್ರಶ್ನೆ ಮಾತ್ರ ಮಾಧ್ಯಮಕ್ಕೆ ಸಂಬಂಧಿಸಿದುದು. ನಾವು ಆ ಒಂದನ್ನೇ ಹಿಗ್ಗಿಸಿ ಇಡೀ ಪಠ್ಯಕ್ರಮವನ್ನಾಗಿಸಿಕೊಂಡೆವು.

ಪ್ರಶ್ನೆಯನ್ನು ಹಿಡಿದು ಹೊರಟರೆ ಏನು ದೊರೆಯುತ್ತದೆಂಬುದಕ್ಕೆ ಒಂದು ನಿದರ್ಶನ. ಡೇವಿಡ್ ಮ್ಯಾನಿಂಗ್ ವೈಟ್ 1950ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಒಂದು ಸಣ್ಣ ನಗರದ ಪತ್ರಿಕೆಯ ಸಂಪಾದಕನೊಬ್ಬನು ತಂತಿಯ ಮೂಲಕ ಬಂದ ಸುದ್ದಿಗಳಲ್ಲಿ ಒಂದು ವಾರ ಯಾವುದನ್ನು, ಏಕೆ ತಿರಸ್ಕರಿಸಿದನೆಂಬ ದಾಖಲೆಯಿದೆ. ಸುದ್ದಿಯ ‘ದ್ವಾರಪಾಲಕ’ ಎಂಬ ಪರಿಕಲ್ಪನೆ ಹೀಗೆ ಪತ್ರಿಕಾ ಅಧ್ಯಯನಕ್ಕೆ ಬಂದಿತು. ಕನ್ನಡ ಪತ್ರಿಕೆಯ ಸುದ್ದಿಮನೆಯಲ್ಲಿ ಕುಳಿತ ಉಪಸಂಪಾದಕನಿಗೆ ಇದನ್ನು ಅನ್ವಯಿಸಿದರೆ ಪ್ರಶ್ನೆಯ ರೂಪವೇ ಬದಲಾಗುತ್ತದೆ. ಆತ ಸುದ್ದಿಸಂಸ್ಥೆಯ ಇಂಗ್ಲಿಷ್ ವರದಿಯನ್ನು ಆಯ್ದುಕೊಳ್ಳುವುದಷ್ಟೇ ಅಲ್ಲ, ಅದನ್ನು ಕನ್ನಡಕ್ಕೆ ತರುತ್ತಾನೆ. ಕನ್ನಡಿಸಲು ಕಷ್ಟವಾದ ಆರ್ಥಿಕ ಸುದ್ದಿಯೊಂದು ಆ ಕಾರಣಕ್ಕಾಗಿಯೇ ಬಿಟ್ಟುಹೋಗುವುದುಂಟೆ? ಕರ್ಮಣಿ ಪ್ರಯೋಗದ ಇಂಗ್ಲಿಷ್ ವಾಕ್ಯವನ್ನು ಕನ್ನಡದ ಜಾಯಮಾನಕ್ಕೆ ಒಗ್ಗಿಸುವಾಗ, ಮೂಲದಲ್ಲಿ ಮರೆಯಾಗಿದ್ದ ಕರ್ತೃವನ್ನು ಊಹಿಸಿ ಸೇರಿಸಬೇಕಾಗುವುದುಂಟೆ? ವೈಟ್ ಈ ಪ್ರಶ್ನೆಗಳನ್ನು ಕೇಳುವ ಸಂಭವವೇ ಇರಲಿಲ್ಲ. ಅವನ ಸಂಪಾದಕ ಅನುವಾದ ಮಾಡುತ್ತಿರಲಿಲ್ಲ. ಇವು ಕನ್ನಡದಂತಹ ಭಾಷೆಗಳಿಂದ ಮಾತ್ರ ಹುಟ್ಟಬಲ್ಲ ಪ್ರಶ್ನೆಗಳು. ‘ಮುದ್ರಣ ಮಾಧ್ಯಮ’ ಎಂಬ ಶಾಖೆಯಲ್ಲಿ ಇವಕ್ಕೆ ಸ್ಥಳವಿಲ್ಲ. ಅಲ್ಲಿ ಅನುವಾದವೆಂದರೆ ಅಭ್ಯಾಸ ಮಾಡಿಸಬೇಕಾದ ಒಂದು ಕೌಶಲ.

ಶ್ರೋತೃವರ್ಗದ ಪ್ರಶ್ನೆಯೂ ಹೀಗೆಯೇ. ಓಹಾಯೋದ ಈರಿ ಕೌಂಟಿಯಲ್ಲಿ 1940ರ ಚುನಾವಣೆಯ ಸಂದರ್ಭದಲ್ಲಿ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ನಡೆಸಿದ ಸಮೀಕ್ಷೆಯಿಂದ, ಮಾಧ್ಯಮದ ಪ್ರಭಾವವು ನೇರವಾಗಿ ಬರದೆ ಅಭಿಪ್ರಾಯ ಮುಖಂಡರ ಮೂಲಕ ಹರಿದುಬರುತ್ತದೆಂಬ ತತ್ತ್ವ ರೂಪುಗೊಂಡಿತು. ಆ ಸಮೀಕ್ಷೆಯ ಘಟಕ ಒಬ್ಬೊಬ್ಬ ಮತದಾರ. ಭಾರತದ ಉಪಗ್ರಹ ದೂರದರ್ಶನ ಪ್ರಯೋಗವಾದ ‘ಸೈಟ್’ 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ನಡೆಯಿತು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು ಅದರ ವ್ಯಾಪ್ತಿಯಲ್ಲಿದ್ದವು. ಹಳ್ಳಿಗೊಂದು ಟಿ.ವಿ., ಅದರೆದುರು ಒಂದು ಜನಸಮೂಹ. ಯಾರು ಮುಂದೆ ಕುಳಿತರು, ಯಾರು ಅಂಚಿನಲ್ಲಿ ನಿಂತರು, ಹೆಂಗಸರು ಎಷ್ಟು ಹೊತ್ತಿಗೆ ಎದ್ದುಹೋದರು ಎಂಬುದನ್ನು ಪ್ರಶ್ನಾವಳಿಯೊಂದೇ ತಿಳಿಸಲಾರದು. ಆದ್ದರಿಂದಲೇ ಸಮೀಕ್ಷೆಯ ಜೊತೆಗೆ ಹಳ್ಳಿಗಳಲ್ಲಿ ನೆಲೆಸಿ ಗಮನಿಸುವ ಮಾನವಶಾಸ್ತ್ರಜ್ಞರನ್ನೂ ಆ ಪ್ರಯೋಗದ ಮೌಲ್ಯಮಾಪನದಲ್ಲಿ ತೊಡಗಿಸಲಾಯಿತು. ಕನ್ನಡ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ಸಿದ್ಧವಾಗುತ್ತಿದ್ದವೆಂಬುದೂ ಗಮನಾರ್ಹ. ಆ ಕಾರ್ಯಕ್ರಮಗಳ ಕನ್ನಡಕ್ಕೂ ನೋಡುವವರ ಆಡುಮಾತಿಗೂ ಇದ್ದ ಅಂತರ ಒಂದು ಪ್ರೌಢಪ್ರಬಂಧಕ್ಕೆ ಸಾಲುವಷ್ಟು ದೊಡ್ಡ ವಿಷಯ.

‘ಅಭಿವೃದ್ಧಿ ಸಂವಹನ’ ಎಂಬ ಶಾಖೆಗೆ ಭಾರತವೇ ಮುಖ್ಯ ಪ್ರಯೋಗಭೂಮಿ. ಪುಣೆ ಆಕಾಶವಾಣಿಯಿಂದ 1956ರಲ್ಲಿ ಸುಮಾರು 150 ಹಳ್ಳಿಗಳಲ್ಲಿ ನಡೆದ ರೇಡಿಯೋ ಕೃಷಿ ವೇದಿಕೆಗಳನ್ನು ಮೌಲ್ಯಮಾಪನ ಮಾಡಿದ ಪಾಲ್ ನ್ಯೂರಾತ್ ಕೊಲಂಬಿಯಾದಲ್ಲಿ ತಯಾರಾದವರು. ವೇದಿಕೆಯಿದ್ದ ಹಳ್ಳಿಗಳನ್ನು ಇಲ್ಲದ ಹಳ್ಳಿಗಳೊಡನೆ ಹೋಲಿಸುವ ಅವರ ವಿಧಾನ ಇಂದಿಗೂ ಮಾದರಿಯಾಗಬಲ್ಲದು. ಶಾಖೆಗೆ ಆ ಹೆಸರನ್ನು ನೀಡಿದವರು ಫಿಲಿಪೈನ್ಸ್‌ನ ಕೃಷಿ ಶಿಕ್ಷಣ ಕೇಂದ್ರ ಲೋಸ್ ಬಾನ್ಯೋಸ್‌ನ ನೋರಾ ಕ್ವೆಬ್ರಾಲ್, 1971ರಲ್ಲಿ. ಹೊಸ ವಿಚಾರಗಳ ಪ್ರಸರಣವನ್ನು ಕುರಿತು 1962ರಲ್ಲಿ ಬರೆದ ಎವರೆಟ್ ರೋಜರ್ಸ್, 1976ರ ಹೊತ್ತಿಗೆ ಮೇಲಿನಿಂದ ಕೆಳಕ್ಕೆ ಹರಿಯುವ ಆ ಅಭಿವೃದ್ಧಿಯ ಕಲ್ಪನೆಯ ಕಾಲ ಮುಗಿಯಿತೆಂದು ತಾವೇ ಬರೆದರು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಈ ಶತಮಾನದ ಆರಂಭದ ವರ್ಷಗಳಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿ ಕೇಬಲ್ ಮೂಲಕ ಮನೆಮನೆಗೆ ಹೋದದ್ದನ್ನು ಈ ಬದಲಾವಣೆಯ ಹಿನ್ನೆಲೆಯಲ್ಲಿ ನೋಡಬೇಕು. ಸ್ವಯಂಸೇವಾ ಸಂಸ್ಥೆಗಳಿಗೆ ಬಾನುಲಿಯ ಪರವಾನಗಿ ಕೊಡುವ ನೀತಿ ಬಂದದ್ದು 2006ರಲ್ಲಿ. ಅಲ್ಲಿಯವರೆಗೆ ತಂತಿಯೇ ಗತಿಯಾಗಿತ್ತು.

ಜಾಹೀರಾತು ಮತ್ತು ಸಾರ್ವಜನಿಕ ಸಂಪರ್ಕದ ಶಾಖೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅವುಗಳಿಗೆ ಮಾರುಕಟ್ಟೆಯ ಆಶ್ರಯವಿದೆ. ಬರ್ಮಿಂಗ್‌ಹ್ಯಾಮ್‌ನಲ್ಲಿ 1964ರಲ್ಲಿ ಸ್ಥಾಪಿತವಾದ ಕೇಂದ್ರದಿಂದ ಹೊರಟ ಸಾಂಸ್ಕೃತಿಕ ಅಧ್ಯಯನ ನಮ್ಮಲ್ಲಿ ಸಂವಹನ ವಿಭಾಗಗಳಿಗಿಂತ ಸಾಹಿತ್ಯ ವಿಭಾಗಗಳಲ್ಲಿ ಹೆಚ್ಚು ಬೇರೂರಿದಂತೆ ತೋರುತ್ತದೆ.

ಹೊರಗುಳಿದ ಕ್ಷೇತ್ರಗಳು

ಭಾಷಣದ ಕವಲು ಬರಲಿಲ್ಲವೆಂದು ಮೇಲೆ ಹೇಳಿದೆ. ತಾಳಮದ್ದಳೆಯಲ್ಲಿ ವೇಷವಿಲ್ಲದೆ, ಬರೆದ ಪಾಠವಿಲ್ಲದೆ, ಇಬ್ಬರು ಅರ್ಥಧಾರಿಗಳು ಗಂಟೆಗಟ್ಟಲೆ ವಾದ ಪ್ರತಿವಾದಗಳಲ್ಲಿ ತೊಡಗುತ್ತಾರೆ. ಎದುರಾಳಿಯ ಮಾತಿನ ಎಳೆಯನ್ನೇ ಹಿಡಿದು ತಿರುಗಿಸುವ ಆ ಆಶು ವಾಗ್ಮಿತೆ ಯಾವ ದೇಶದ ಸಂವಹನ ವಿಭಾಗಕ್ಕಾದರೂ ಅಮೂಲ್ಯ ಸಾಮಗ್ರಿ. ನಮ್ಮಲ್ಲಿ ಅದರ ಅಧ್ಯಯನ ಕನ್ನಡ ಮತ್ತು ಜಾನಪದ ವಿಭಾಗಗಳ ಪಾಲಿಗೆ ಹೋಯಿತು. ಸಂವಹನದ ಪಠ್ಯಕ್ರಮದಲ್ಲಿ ಯಕ್ಷಗಾನ, ಹರಿಕಥೆ, ಗೀಗೀಪದಗಳೆಲ್ಲ ‘ಸಾಂಪ್ರದಾಯಿಕ ಮಾಧ್ಯಮ’ ಎಂಬ ಒಂದು ಘಟಕದಲ್ಲಿ ಅಡಕವಾಗಿವೆ. ಅಲ್ಲಿಯೂ 1954ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಗೀತ ಮತ್ತು ನಾಟಕ ವಿಭಾಗದ ದೃಷ್ಟಿಯೇ ಪ್ರಧಾನ: ಕಲೆಯೆಂದರೆ ಸಂದೇಶ ತುಂಬಿ ಕಳಿಸುವ ಪಾತ್ರೆ.

ಪತ್ರಿಕಾ ಚರಿತ್ರೆಯಲ್ಲಿಯೂ ಇದೇ ಸ್ಥಿತಿ. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ದಿಂದ ಮೊದಲಾಗುವ ಆರಂಭಕಾಲವನ್ನು ಆಕರಗಳಿಂದ ಶೋಧಿಸಿದವರಲ್ಲಿ ಅಗ್ರಗಣ್ಯರು ಶ್ರೀನಿವಾಸ ಹಾವನೂರರು. ಅವರು ಸಂವಹನದ ಪ್ರಾಧ್ಯಾಪಕರಲ್ಲ. ಗ್ರಂಥಪಾಲರಾಗಿದ್ದು ಕನ್ನಡ ಸಂಶೋಧಕರಾದವರು. ಅಂತೆಯೇ ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಅಮೆರಿಕದಂತೆ ಇಲ್ಲಿಯೂ ಸಂವಹನದ ಒಳ್ಳೆಯ ಕೆಲಸ ಹೊರಗಿನವರಿಂದಲೇ ಮೊದಲಾಯಿತು. ವ್ಯತ್ಯಾಸವೆಂದರೆ ಅಲ್ಲಿ ಶ್ರಾಮ್ ಆ ಹೊರಗಿನವರ ಸಂಶೋಧನೆಗಳನ್ನು ವಿಭಾಗದೊಳಕ್ಕೆ ತಂದರು. ಇಲ್ಲಿ ಆ ಕೆಲಸ ನಡೆದದ್ದು ಕಡಿಮೆ.

ಪದವಿಯ ರಚನೆಯೂ ಇದಕ್ಕೆ ಕಾರಣ. ನಾಲ್ಕು ಸೆಮಿಸ್ಟರುಗಳ ಎಂ.ಎ.ಯಲ್ಲಿ ಪ್ರಬಂಧಕ್ಕೆ ಸಿಗುವುದು ಕೊನೆಯ ಕೆಲವೇ ತಿಂಗಳು. ಆ ಅವಧಿಯಲ್ಲಿ ಸಾಧ್ಯವಾಗುವುದು ಒಂದು ಪ್ರಶ್ನಾವಳಿ, ಶೇಕಡಾವಾರು ಕೋಷ್ಟಕಗಳು. ವಿಧಾನಶಾಸ್ತ್ರವನ್ನು ನಿಧಾನವಾಗಿ ಕಲಿಯಲು ಅವಕಾಶವಿದ್ದ ಎಂ.ಫಿಲ್. ಪದವಿಯನ್ನು ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2022ರ ನಿಯಮಗಳು ಕೊನೆಗೊಳಿಸಿದವು. ಈಗ ವಿದ್ಯಾರ್ಥಿ ಎಂ.ಎ.ಯಿಂದ ನೇರವಾಗಿ ಪಿಎಚ್.ಡಿ.ಗೆ ನೆಗೆಯಬೇಕು.

ಇನ್ನು ಆಕರಗಳ ಮಾತು. ವಸ್ತು ವಿಶ್ಲೇಷಣೆಗೆ ಪತ್ರಿಕೆಯ ಅಖಂಡ ಸಂಚಿಕೆಗಳು ಬೇಕು. ಪುಸ್ತಕಗಳನ್ನು ಸಾರ್ವಜನಿಕ ಗ್ರಂಥಾಲಯಗಳಿಗೆ ಒಪ್ಪಿಸಬೇಕೆಂಬ 1954ರ ಕೇಂದ್ರ ಕಾನೂನು 1956ರ ತಿದ್ದುಪಡಿಯಿಂದ ಪತ್ರಿಕೆಗಳಿಗೂ ಅನ್ವಯಿಸಿತು. ಆದರೆ ಅದರಡಿ ಪ್ರತಿ ಪಡೆಯುವ ನಾಲ್ಕು ಗ್ರಂಥಾಲಯಗಳು ಕೋಲ್ಕತ್ತ, ಚೆನ್ನೈ, ಮುಂಬಯಿ, ದೆಹಲಿಗಳಲ್ಲಿವೆ, ಕರ್ನಾಟಕದ್ದು ಅವುಗಳಲ್ಲಿಲ್ಲ. ಖಾಸಗಿ ವಾಹಿನಿಗಳಾದರೋ ತಮ್ಮ ಪ್ರಸಾರದ ದಾಖಲೆಯನ್ನು ನಿಯಮದ ಪ್ರಕಾರ ಇರಿಸಿಕೊಳ್ಳಬೇಕಾದದ್ದು 90 ದಿನ ಮಾತ್ರ. ಹತ್ತು ವರ್ಷಗಳ ಹಿಂದಿನ ಕನ್ನಡ ವಾರ್ತೆಗಳ ಭಾಷೆಯನ್ನು ಅಭ್ಯಸಿಸಬೇಕೆನ್ನುವ ವಿದ್ಯಾರ್ಥಿಯು ಹೀಗಾಗಿ ವಿಷಯವನ್ನು ಬದಲಿಸಿಕೊಂಡು, ಗ್ರಂಥಾಲಯದಲ್ಲಿ ಯಾವ ವರ್ಷಗಳ ಸಂಪುಟಗಳು ಸಿಗುತ್ತವೆಯೋ ಆ ವರ್ಷಗಳನ್ನೇ ತನ್ನ ಅಧ್ಯಯನದ ಅವಧಿಯೆಂದು ಬರೆದುಕೊಳ್ಳುತ್ತಾನೆ.