ಇಲೆಕ್ಟ್ರಾನ್ ವಿನ್ಯಾಸ ಮತ್ತು ನಂಜನಗೂಡು–ತಿರುಮಕೂಡಲು ಸೀಮೆಯ ಖನಿಜಗಳು

ಮೈಸೂರಿನಿಂದ ನಂಜನಗೂಡಿನತ್ತ ಸಾಗುವ ಸೀಮೆಯಲ್ಲಿ ಮೆಗ್ನೀಸಿಯಮ್ ಸಮೃದ್ಧವಾದ ಡ್ಯುನೈಟ್, ಪೆರಿಡೊಟೈಟ್ ಶಿಲೆಗಳಿವೆ. ದೊಡ್ಡಕಾನ್ಯದ ಬಿಳಿಯ ಮ್ಯಾಗ್ನೆಸೈಟೂ ಸಿಂಧುವಳ್ಳಿಯ ಕಪ್ಪು ಕ್ರೋಮೈಟೂ ಈ ಶಿಲಾಸಮೂಹಕ್ಕೇ ಸೇರಿದವು. ಒಂದೇ ಬಗೆಯ ಶಿಲೆಯಲ್ಲಿ ಇಷ್ಟು ಭಿನ್ನ ಸ್ವಭಾವದ ಖನಿಜಗಳು ದೊರೆಯುವುದನ್ನು ಅರಿಯಲು ಪರಮಾಣುವಿನ ಇಲೆಕ್ಟ್ರಾನ್ ವಿನ್ಯಾಸದ ಪರಿಚಯ ಅವಶ್ಯಕ.

ಮೆಗ್ನೀಸಿಯಮ್ಮಿನ ಹನ್ನೆರಡು ಇಲೆಕ್ಟ್ರಾನುಗಳ ವಿನ್ಯಾಸವನ್ನು 1ಎಸ್² 2ಎಸ್² 2ಪಿ⁶ 3ಎಸ್² ಎಂದು ಬರೆಯುತ್ತಾರೆ. ಹೊರಗಿನ ಎರಡನ್ನು ಕಳೆದುಕೊಂಡ ಅಯಾನಿಗೆ ನಿಯಾನಿನ ವಿನ್ಯಾಸ ಒದಗುತ್ತದೆ. ಗೋಚರ ಬೆಳಕನ್ನು ಹೀರಬಲ್ಲ ಇಲೆಕ್ಟ್ರಾನುಗಳು ಅದರಲ್ಲಿಲ್ಲದ ಕಾರಣ ಶುದ್ಧ ಮ್ಯಾಗ್ನೆಸೈಟ್ ಬಿಳಿ. ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ ಕೇಶವ ದೇವಾಲಯದ ಬಳಪದ ಕಲ್ಲಿನಲ್ಲಿಯೂ ಮೆಗ್ನೀಸಿಯಮ್ ಸಿಲಿಕೇಟುಗಳಿವೆ. ಆ ಕುಸುರಿ ಕೆತ್ತನೆಗೆ ಉಳಿಯ ಕೌಶಲದಷ್ಟೇ ಈ ಪದರುಪದರಾದ ಖನಿಜಗಳ ಮೃದುತ್ವವೂ ಕಾರಣ.

ಕ್ರೋಮಿಯಮ್ಮಿನ ವಿಷಯ ಇಷ್ಟು ಸರಳವಲ್ಲ. 1797ರಲ್ಲಿ ಫ್ರಾನ್ಸಿನ ವೊಕೆಲಿನ್ ಗುರುತಿಸಿದ ಈ ಧಾತುವಿನಲ್ಲಿ ಇಪ್ಪತ್ತನಾಲ್ಕು ಇಲೆಕ್ಟ್ರಾನುಗಳಿವೆ. ಕಕ್ಷಕಗಳು ತುಂಬುವ ರೂಢಿಯ ಕ್ರಮದಂತೆ ಆರ್ಗಾನ್ ಕವಚದ ಹೊರಗೆ 3ಡಿ⁴ 4ಎಸ್² ಇರಬೇಕು. ವರ್ಣಪಟಲ ತೋರಿಸಿಕೊಡುವುದಾದರೋ 3ಡಿ⁵ 4ಎಸ್¹. ಅರ್ಧ ತುಂಬಿದ ಉಪಕವಚ ಸ್ಥಿರವೆಂಬ ಪಠ್ಯಪುಸ್ತಕಗಳ ವಿವರಣೆ ತಪ್ಪಲ್ಲವಾದರೂ ಅಪೂರ್ಣ. ಅದೇ ಗುಂಪಿನ ಮಾಲಿಬ್ಡಿನಮ್ ಕ್ರೋಮಿಯಮ್ಮನ್ನು ಅನುಸರಿಸಿದರೆ, ಟಂಗ್‌ಸ್ಟನ್ 5ಡಿ⁴ 6ಎಸ್² ಆಗಿಯೇ ಉಳಿಯುತ್ತದೆ. ಎರಡು ಉಪಕವಚಗಳ ಶಕ್ತಿಯ ಅಂತರ, ಜೋಡಿಯಾದ ಇಲೆಕ್ಟ್ರಾನುಗಳ ವಿಕರ್ಷಣೆ, ಸಮಾನ ಭ್ರಮಣದ ಇಲೆಕ್ಟ್ರಾನುಗಳಿಗೆ ದೊರೆಯುವ ವಿನಿಮಯ ಶಕ್ತಿ ಇವುಗಳನ್ನು ಒಟ್ಟಾಗಿ ಲೆಕ್ಕಿಸಬೇಕಾಗುತ್ತದೆ.

ಇನ್ನೂ ಮುಖ್ಯವಾದುದೆಂದರೆ, ಈ ಅಪವಾದ ಒಂಟಿ ಪರಮಾಣುವಿಗೆ ಸಂಬಂಧಿಸಿದ್ದು, ಅದಿರಿಗಲ್ಲ. ಸಿಂಧುವಳ್ಳಿಯ ಕ್ರೋಮೈಟಿನಲ್ಲಿರುವುದು ಮೂರು ಇಲೆಕ್ಟ್ರಾನುಗಳನ್ನು ಕಳೆದುಕೊಂಡ ಅಯಾನು. ಮೊದಲು ಹೋಗುವುದು 4ಎಸ್ ಇಲೆಕ್ಟ್ರಾನೇ. ಉಳಿಯುವ ವಿನ್ಯಾಸ 3ಡಿ³. ಆರು ಆಕ್ಸಿಜನ್‌ಗಳ ನಡುವೆ ಈ ಮೂರೂ ಕಡಿಮೆ ಶಕ್ತಿಯ ಮೂರು ಕಕ್ಷಕಗಳಲ್ಲಿ ಒಂದೊಂದಾಗಿ ನೆಲೆಸುವುದರಿಂದ ಅಯಾನು ಆ ಸ್ಥಾನವನ್ನು ಸುಲಭವಾಗಿ ಬಿಟ್ಟುಕೊಡದು. ಸುತ್ತಲ ಶಿಲೆ ಶಿಥಿಲವಾದರೂ ಕ್ರೋಮೈಟ್ ಉಳಿದುಕೊಳ್ಳಲು ಇದೊಂದು ಕಾರಣ. ಮಾಣಿಕ್ಯದ ಕೆಂಪು, ಪಚ್ಚೆಯ ಹಸಿರು ಇದೇ ಅಯಾನಿನ ಕೊಡುಗೆ ಎಂಬುದು ಗಮನಾರ್ಹ.

ಆರೂ ಹೊರ ಇಲೆಕ್ಟ್ರಾನುಗಳನ್ನು ಬಂಧಗಳಿಗೆ ಒಪ್ಪಿಸಿದ ಕ್ರೋಮೇಟ್ ನೀರಿನಲ್ಲಿ ಕರಗಿ ಹರಿಯುತ್ತದೆ. ಅದು ವಿಷಕಾರಿ, ಕ್ಯಾನ್ಸರ್‌ಕಾರಕ. ಮಣ್ಣಿನ ಮ್ಯಾಂಗನೀಸ್ ಆಕ್ಸೈಡುಗಳು ತ್ರಿವೇಲೆನ್ಸಿ ಕ್ರೋಮಿಯಮ್ಮನ್ನು ಈ ಸ್ಥಿತಿಗೆ ಒಯ್ಯಬಲ್ಲವು. ಆದ್ದರಿಂದ ಕ್ರೋಮೈಟ್ ಗಣಿಗಳ ಆಸುಪಾಸಿನ ಬಾವಿನೀರನ್ನು ಪರೀಕ್ಷಿಸುವವರು ಒಟ್ಟು ಕ್ರೋಮಿಯಮ್ಮಿನ ಪ್ರಮಾಣವೊಂದನ್ನೇ ದಾಖಲಿಸಿದರೆ ಸಾಲದು. ಷಡ್ವೇಲೆನ್ಸಿಯ ಅಂಶವನ್ನು ಪ್ರತ್ಯೇಕವಾಗಿ ನಮೂದಿಸಬೇಕು.