ಎಂಜಿನ್ ಆಯಿಲ್ ಬದಲಾವಣೆಯ ನಂತರದ ದೋಷಗಳು

ಎಂಜಿನ್ ಆಯಿಲ್ ಬದಲಾವಣೆಯ ನಂತರದ ದೋಷಗಳು ಎಂದರೆ ವಾಹನದ ಹಳೆಯ ಕೀಲೆಣ್ಣೆಯನ್ನು ಇಳಿಸಿ ಹೊಸದನ್ನು ತುಂಬುವಾಗ ಆದ ತಪ್ಪುಗಳಿಂದ ಎಂಜಿನ್ನಿಗೆ ಒದಗುವ ತೊಂದರೆಗಳು. ಡ್ರೇನ್ ಬೋಲ್ಟ್ ಬಿಚ್ಚಿ ಎಣ್ಣೆ ಇಳಿಸುವುದು, ಫಿಲ್ಟರ್ ಬದಲಿಸುವುದು, ಬೋಲ್ಟ್ ಬಿಗಿದು ನಿಗದಿತ ಪ್ರಮಾಣದ ಎಣ್ಣೆ ಸುರಿಯುವುದು: ಕೆಲಸ ಇಷ್ಟೇ. ಸುಲಭವೆಂಬ ಕಾರಣಕ್ಕೇ ಗ್ಯಾರೇಜುಗಳಲ್ಲಿ ಇದನ್ನು ಹೊಸದಾಗಿ ಸೇರಿದ ಹುಡುಗರಿಗೆ ಬಿಡುವುದುಂಟು. ಆದರೆ ಎಣ್ಣೆಯಿಲ್ಲದೆ ಓಡಿದ ಎಂಜಿನ್ ಕೆಲವೇ ನಿಮಿಷಗಳಲ್ಲಿ ಹಿಡಿದುಕೊಂಡು ನಿಲ್ಲಬಹುದು. ಆದ್ದರಿಂದ ದೋಷದ ಮೂಲವನ್ನು ಬೇಗ ಗುರುತಿಸುವುದು ಮುಖ್ಯ.

ಮೊದಲ ಪರೀಕ್ಷೆ

ಆಯಿಲ್ ಬದಲಾಯಿಸಿದ ಬಳಿಕ ಕೆಂಪು ಎಣ್ಣೆಪಾತ್ರೆಯ ಆಕಾರದ ದೀಪ ಉರಿದೇ ಇದ್ದರೆ, ಅಥವಾ ಎಂಜಿನ್ನಿನ ಮೇಲ್ಭಾಗದಿಂದ ಟಕಟಕ ಶಬ್ದ ಬರುತ್ತಲೇ ಇದ್ದರೆ, ಕೂಡಲೇ ಎಂಜಿನ್ ನಿಲ್ಲಿಸಬೇಕು. ಖಾಲಿ ಫಿಲ್ಟರಿಗೆ ಎಣ್ಣೆ ತುಂಬಿಕೊಳ್ಳುವವರೆಗೆ ದೀಪ ಕೆಲವು ಸೆಕೆಂಡು ಉರಿಯುವುದು ಸಹಜ. ಅದಕ್ಕಿಂತ ಹೆಚ್ಚು ಉರಿದರೆ ಸಹಜವಲ್ಲ. ಈ ದೀಪ ಸೂಚಿಸುವುದು ಎಣ್ಣೆಯ ಒತ್ತಡವನ್ನೇ ಹೊರತು ಮಟ್ಟವನ್ನಲ್ಲ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ದೀಪ ಹತ್ತಿಲ್ಲವೆಂದರೆ ಎಣ್ಣೆ ಸಾಕಷ್ಟಿದೆ ಎಂದರ್ಥವಲ್ಲ. ಅನೇಕ ದ್ವಿಚಕ್ರ ವಾಹನಗಳಲ್ಲಂತೂ ಈ ದೀಪವೇ ಇರುವುದಿಲ್ಲ.

ಮಟ್ಟ ತಿಳಿಯಲು ಡಿಪ್‌ಸ್ಟಿಕ್ ನೋಡಬೇಕು. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಕೆಲವು ನಿಮಿಷ ಬಿಟ್ಟು, ಕಡ್ಡಿಯನ್ನು ಒರೆಸಿ ಮತ್ತೆ ಅದ್ದಿ ನೋಡುವುದು ಸಾಮಾನ್ಯ ಕ್ರಮ. ಬೈಕನ್ನು ಪಕ್ಕದ ಸ್ಟ್ಯಾಂಡಿನ ಮೇಲೆ ವಾಲಿಸಿ ಅಳೆದರೆ ಲೆಕ್ಕ ತಪ್ಪುತ್ತದೆ. ಕೆಲವು ಮಾದರಿಗಳಲ್ಲಿ ಕಡ್ಡಿಯನ್ನು ತಿರುಗಿಸಿ ಬಿಗಿಯದೆ, ಸುಮ್ಮನೆ ಇಳಿಬಿಟ್ಟು ನೋಡಬೇಕು. ವಾಹನದ ಕೈಪಿಡಿಯಲ್ಲಿ ಇದನ್ನು ಹೇಳಿರುತ್ತಾರೆ.

ಎರಕದ ಕಬ್ಬಿಣದ ಎಂಜಿನ್ನಿನ ಹಳೆಯ ಬುಲೆಟ್ ಮೋಟಾರ್ ಸೈಕಲ್ಲು ಇಲ್ಲಿ ವಿಶೇಷ ಉದಾಹರಣೆ. ಅದರಲ್ಲಿ ಎಣ್ಣೆಗೆ ಪ್ರತ್ಯೇಕ ಕೋಣೆಯಿದೆ. ಬಹಳ ದಿನ ನಿಲ್ಲಿಸಿದರೆ ಎಣ್ಣೆ ಪಂಪಿನ ಮೂಲಕ ಜಿನುಗಿ ಕ್ರ್ಯಾಂಕ್ ಕೋಣೆಗೆ ಇಳಿಯುತ್ತದೆ. ಆಗ ಕಡ್ಡಿ ಕಡಿಮೆ ತೋರಿಸುತ್ತದೆ; ಅದನ್ನು ನಂಬಿ ಇನ್ನಷ್ಟು ಸುರಿದರೆ ಎಣ್ಣೆ ಮಿತಿಮೀರುತ್ತದೆ. ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ, ಎಣ್ಣೆ ತನ್ನ ಕೋಣೆಗೆ ಮರಳಿದ ಮೇಲೆ ಅಳೆಯುವುದೇ ಇದಕ್ಕೆ ಉಪಾಯ.

ಎಣ್ಣೆ ಹೆಚ್ಚಾದಾಗ

ಕಡಿಮೆಯಾದರೆ ಕೆಡುಕೆಂದು ಎಲ್ಲರಿಗೂ ಗೊತ್ತು, ಹೆಚ್ಚಾದರೂ ಕೆಡುಕೇ. ತಿರುಗುವ ಕ್ರ್ಯಾಂಕ್ ದಂಡ ಎಣ್ಣೆಯನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆಯೆಬ್ಬಿಸುತ್ತದೆ. ನೊರೆಯಲ್ಲಿ ಗಾಳಿ ಬೆರೆತಿರುವುದರಿಂದ ಪಂಪಿಗೆ ಸರಿಯಾದ ಒತ್ತಡ ಕೊಡಲಾಗುವುದಿಲ್ಲ. ಉಳಿದ ಎಣ್ಣೆ ಉಸಿರುಕೊಳವೆಯ ಮೂಲಕ ಏರ್ ಫಿಲ್ಟರನ್ನು ಸೇರಿ, ಅಲ್ಲಿಂದ ಸಿಲಿಂಡರಿನಲ್ಲಿ ಉರಿದು, ಸೈಲೆನ್ಸರಿನಿಂದ ನೀಲಿ ಹೊಗೆಯಾಗಿ ಹೊರಬರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಇದು ಇನ್ನೂ ಅಪಾಯಕರ: ಒಳಸೇರಿದ ಎಣ್ಣೆಯೇ ಇಂಧನವಾಗಿ, ಕೀಲಿ ತೆಗೆದರೂ ಎಂಜಿನ್ ನಿಲ್ಲದೆ ವೇಗವೇರುತ್ತ ಹೋಗಬಹುದು.

ಕಾರಿನಲ್ಲಿ ಮಟ್ಟ ಇದ್ದಕ್ಕಿದ್ದಂತೆ ದುಪ್ಪಟ್ಟಾಗಿ ಕಂಡರೆ ಗೇರ್‌ಬಾಕ್ಸನ್ನೂ ಪರೀಕ್ಷಿಸಬೇಕು. ತಪ್ಪು ಬೋಲ್ಟ್ ಬಿಚ್ಚಿ ಗೇರ್ ಆಯಿಲ್ ಇಳಿಸಿ, ತುಂಬಿದ್ದ ಎಂಜಿನ್ನಿಗೇ ಮತ್ತೆ ಎಣ್ಣೆ ಸುರಿದ ಪ್ರಸಂಗಗಳುಂಟು. ಗೇರ್ ಆಯಿಲ್ಲಿಗೆ ಬೇರೆಯೇ ಬೋಲ್ಟ್ ಇರುವ ಗೇರ್‌ಲೆಸ್ ಸ್ಕೂಟರುಗಳಲ್ಲಿಯೂ ಇದೇ ಗೊಂದಲವಾಗಬಹುದು.

ಸೋರಿಕೆ

ಮಟ್ಟ ಸರಿಯಿದ್ದು ಆಮೇಲೆ ಇಳಿಯುತ್ತಿದ್ದರೆ ಕೆಳಗೆ ಕಾಗದ ಹಾಸಿ ನೋಡಬೇಕು. ನಿಂತಿರುವಾಗಲೂ ತೊಟ್ಟಿಕ್ಕಿದರೆ ಸಾಮಾನ್ಯವಾಗಿ ಡ್ರೇನ್ ಬೋಲ್ಟಿನ ವಾಷರ್ ಕೆಟ್ಟಿದೆ, ಇಲ್ಲವೇ ಅತಿಯಾಗಿ ಬಿಗಿದು ಅಲ್ಯುಮಿನಿಯಂ ಚೇಂಬರಿನ ಮರೆ ಹೋಗಿದೆ. ಎಂಜಿನ್ ಓಡುವಾಗ ಮಾತ್ರ ಧಾರಾಕಾರವಾಗಿ ಸುರಿದರೆ ಫಿಲ್ಟರನ್ನು ಶಂಕಿಸಬೇಕು. ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸ ಫಿಲ್ಟರನ್ನು ಬಿಗಿದಾಗ ಒತ್ತಡ ತಡೆಯದೆ ಹೀಗಾಗುತ್ತದೆ. ಬದಲಾವಣೆಯಾದ ತಕ್ಷಣದ ಸುಟ್ಟ ವಾಸನೆ ಮಾತ್ರ ಬಹುಮಟ್ಟಿಗೆ ಬಿಸಿ ಸೈಲೆನ್ಸರಿನ ಮೇಲೆ ಚೆಲ್ಲಿದ ಎಣ್ಣೆಯದು. ಅದು ತಾನಾಗಿ ಹೋಗುತ್ತದೆ.

ತಪ್ಪು ಬಗೆಯ ಎಣ್ಣೆ

ಬಹುಪಾಲು ಗೇರ್ ಬೈಕುಗಳಲ್ಲಿ ಕ್ಲಚ್ ಫಲಕಗಳು ಎಂಜಿನ್ ಆಯಿಲ್ಲಿನಲ್ಲೇ ಮುಳುಗಿರುತ್ತವೆ. ಘರ್ಷಣೆ ತಗ್ಗಿಸಲೆಂದೇ ತಯಾರಾದ ಕಾರಿನ ಎಣ್ಣೆಯನ್ನು ಅಲ್ಲಿಗೆ ಹಾಕಿದರೆ ಕ್ಲಚ್ ಜಾರಬಹುದು: ಘಾಟಿ ಏರುವಾಗ ಎಂಜಿನ್ ಅಬ್ಬರಿಸುತ್ತದೆ, ವೇಗ ಏರುವುದಿಲ್ಲ. ಡಬ್ಬಿಯ ಮೇಲೆ ಜಾಸೋ ಎಂಎ ಎಂಬ ಗುರುತಿದ್ದರೆ ಅದು ಇಂಥ ಬೈಕಿಗೆ ತಕ್ಕ ಎಣ್ಣೆ. ಎಂಬಿ ಎಂದಿದ್ದರೆ ಗೇರ್‌ಲೆಸ್ ಸ್ಕೂಟರಿಗೆ. 10ಡಬ್ಲ್ಯು-30 ಎಂಬಂಥ ಅಂಕಿಗಳು ತಿಳಿಸುವುದು ಎಣ್ಣೆಯ ಸ್ನಿಗ್ಧತೆಯನ್ನು ಮಾತ್ರ. ಅಂಕಿ ಹೊಂದಿತೆಂದು ಎಣ್ಣೆಯೂ ಹೊಂದಬೇಕೆಂದಿಲ್ಲ. ಆದರೂ ಎಣ್ಣೆಯನ್ನು ದೂರುವ ಮುನ್ನ ಕ್ಲಚ್ ಕೇಬಲ್ಲನ್ನು ಆ ಸರ್ವಿಸಿನಲ್ಲೇ ಅತಿಯಾಗಿ ಬಿಗಿದಿದ್ದಾರೆಯೇ ಎಂದು ನೋಡುವುದು ಒಳ್ಳೆಯದು, ಅದಕ್ಕೂ ಲಕ್ಷಣ ಇದೇ.

ಕಾಕತಾಳೀಯ ಲಕ್ಷಣಗಳು

ಆಯಿಲ್ ಬದಲಾದ ಮೇಲೆ ಕಂಡದ್ದೆಲ್ಲ ಅದರಿಂದಲೇ ಆದದ್ದಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆ ಬಹುಬೇಗ ಕಪ್ಪಾಗುವುದು ಮಸಿಯಿಂದ, ಮೋಸದಿಂದಲ್ಲ. ಎಂಜಿನ್ ಒರಟಾಗಿ ಓಡಿದರೆ ಕೆಲಸದ ನಡುವೆ ಸಡಿಲವಾದ ಗಾಳಿಕೊಳವೆಯೋ ತಂತಿಯ ಕೊಂಡಿಯೋ ಕಾರಣವಿರಬಹುದು.

ಹಾನಿಯ ಅಳತೆ

ಎಣ್ಣೆ ಕಡಿಮೆಯಿದ್ದಾಗ ಎಂಜಿನ್ ಓಡಿದ್ದರೆ, ಅದನ್ನು ತುಂಬಿಸಿದಾಕ್ಷಣ ಎಲ್ಲವೂ ಸರಿಹೋಯಿತೆಂದು ಹೇಳುವಂತಿಲ್ಲ. ಎಣ್ಣೆಯನ್ನು ಶುದ್ಧ ಪಾತ್ರೆಗೆ ಇಳಿಸಿ ಬೆಳಕಿನಲ್ಲಿ ನೋಡಬೇಕು, ಫಿಲ್ಟರನ್ನು ಕತ್ತರಿಸಿ ಮಡಿಕೆಗಳನ್ನು ಬಿಡಿಸಬೇಕು. ಆಯಸ್ಕಾಂತಕ್ಕೆ ಅಂಟುವ ಕಣಗಳು ಉಕ್ಕಿನ ಭಾಗಗಳವು. ಅಂಟದೆ ಮಿನುಗುವ ಕಣಗಳು ಬೇರಿಂಗಿನವಾಗಿರಬಹುದು; ಅವು ಕಂಡರೆ ಎಂಜಿನ್ ಬಿಚ್ಚಿಸಿಯೇ ನೋಡಬೇಕಾಗುತ್ತದೆ. ಪರಿಹಾರ ಕೇಳುವ ಸಂದರ್ಭ ಬಂದರೆ ಇಳಿಸಿದ ಎಣ್ಣೆ, ಫಿಲ್ಟರ್, ಖಾಲಿ ಡಬ್ಬಿ ಮತ್ತು ರಸೀದಿಗಳೇ ಸಾಕ್ಷ್ಯ. ಆದ್ದರಿಂದ ಎರಡನೆಯ ಮೆಕ್ಯಾನಿಕ್ ಕೈಹಾಕುವ ಮುನ್ನವೇ ಎಣ್ಣೆಯ ಮಟ್ಟವನ್ನೂ ಸೋರಿದ ಜಾಗವನ್ನೂ ಚಿತ್ರ ತೆಗೆದಿಡುವುದು ರೂಢಿ.